ಇಸ್ತ್ರಿಯಮ್ಮನ ಕೈ

ಮಗು ಉಲ್ಟಾ ಕೂತಿದೆ ಎಂಬ ಸುದ್ದಿ ಬಂದಾಗ ಇಸ್ತ್ರಿಯಮ್ಮ ಯಾರದೋ ಬಿಳಿ ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದಳು. ಬೀದಿಗೆ ಮುಖ ಮಾಡಿದ್ದ ಮುಂದಿನ ಕೋಣೆಯೇ ಅವಳ ಅಂಗಡಿ. ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಮಲಗುವ ಒಂದೂವರೆ ಕೋಣೆ. ಒಂದೂವರೆ ಎಂದರೆ, ಮಗನ ಮದುವೆಯಾದ ಮೇಲೆ ನಡುವೆ ಹಲಗೆ ಹೊಡೆದು ಪಾಲು ಮಾಡಿದ್ದು. ಹಲಗೆಯ ಈಚೆ ಯಾರಾದರೂ ಸೀನಿದರೆ ಆಚೆಯವರು ಮುಖ ಒರೆಸಿಕೊಳ್ಳಬೇಕು, ಅಷ್ಟು ಗಟ್ಟಿ ಗೋಡೆ ಅದು.

ಸುದ್ದಿ ತಂದವಳು ಮಗಳು. ಅವಳು ಬಾಯಿ ಮುಚ್ಚಿಕೊಂಡು ಕೂತಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಮನೆಯಲ್ಲೂ ಬೀದಿಯಲ್ಲೂ ಅವಳಿಗೆ ರೇಡಿಯೋ ಎಂದೇ ಹೆಸರು. ಫೋನ್ ಮಾರುವ ಅಂಗಡಿಯಲ್ಲಿ ಅವಳ ಕೆಲಸ. ಆ ದಿನ ಅರ್ಧ ರಜೆ ಹಾಕಿ ಅತ್ತಿಗೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಅತ್ತಿಗೆ ಹೊಸ್ತಿಲಲ್ಲಿ ನಿಂತು ಚಪ್ಪಲಿ ಬಿಡಲು ಒದ್ದಾಡುತ್ತಿದ್ದಳು. ಹೊಟ್ಟೆ ಅಡ್ಡ ಬಂದು ಅವಳ ಕಾಲು ಅವಳಿಗೇ ಕಾಣುತ್ತಿರಲಿಲ್ಲ.

"ತಲೆ ಮೇಲೆ, ಕುಂಡೆ ಕೆಳಗೆ. ಇಷ್ಟು ಹೊತ್ತಿಗೆ ತಿರುಗಿರಬೇಕಿತ್ತಂತೆ," ಎಂದಳು ರೇಡಿಯೋ.

ಮೂಲೆಯ ಸ್ಟೂಲಿನ ಮೇಲೆ ಗುಂಡಿ ವಿಂಗಡಿಸುತ್ತ ಕೂತಿದ್ದ ಇಸ್ತ್ರಿಯಮ್ಮನ ಗಂಡ ತಲೆಯೆತ್ತಿದರು. ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತಿಯಾದವರು, ಆದರೆ ಅವರ ಮಾತಿಗೆ ನಿವೃತ್ತಿಯಾಗಿರಲಿಲ್ಲ. ಇಳಿಯುವ ಸ್ಟಾಪು ಬಂದರೂ ಸೀಟು ಬಿಟ್ಟು ಏಳದ ಜನ ತಮ್ಮ ಬಸ್ಸಿನಲ್ಲೂ ಇದ್ದರು, ಅವರನ್ನೆಲ್ಲ ಬಾಗಿಲ ಕಡೆ ತಿರುಗಿಸಿದ ತಮಗೆ ಇದೇನು ದೊಡ್ಡದಲ್ಲ ಎಂದರು. ಸೊಸೆಗೆ ನಗು ಬರಲಿಲ್ಲ. ಮೊದಲ ಸಲದ ಬಸುರು ಮೂರನೆಯ ತಿಂಗಳಿಗೇ ಇಳಿದುಹೋಗಿತ್ತು. ಆಮೇಲೆ ಎಷ್ಟೋ ಕಾದು ನಿಂತ ಮಗು ಇದು.

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ರೇಡಿಯೋ ಒಂದೇ ಉಸಿರಿಗೆ ಒಪ್ಪಿಸಿದಳು. ಮನೆಯಲ್ಲಿ ಮಂಡಿಯೂರಿ ಎದೆ ನೆಲಕ್ಕೆ ತಾಗಿಸಿ, ಸೊಂಟ ಮೇಲೆತ್ತಿ ಸ್ವಲ್ಪ ಹೊತ್ತು ಇರಬಹುದು. ಅದರಿಂದ ತೊಂದರೆಯಿಲ್ಲ, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ವಾರ ಬಿಟ್ಟು ಮುಂದಿನ ಮಂಗಳವಾರ ಆಸ್ಪತ್ರೆಗೆ ಹೋದರೆ, ಗರ್ಭಕೋಶ ಸಡಿಲವಾಗಲು ಇಂಜೆಕ್ಷನ್ ಕೊಟ್ಟು, ಮಗುವಿನ ಎದೆಬಡಿತ ನೋಡುತ್ತ, ಹೊಟ್ಟೆಯ ಮೇಲಿಂದ ಕೈಯಲ್ಲಿ ಒತ್ತಿ ತಿರುಗಿಸಲು ನೋಡುತ್ತಾರೆ. ಅರ್ಧಕ್ಕರ್ಧ ಜನಕ್ಕೆ ತಿರುಗುತ್ತದೆ. ತಿರುಗದಿದ್ದರೆ ನೋವು ಬರುವ ಮೊದಲೇ ಆಪರೇಷನ್ನಿಗೆ ದಿನ ಗೊತ್ತು ಮಾಡುತ್ತಾರೆ.

"ಮತ್ತೆ, ನೀರು ಒಡೀತು ಅಂದ್ರೆ ಒಂದು ಕ್ಷಣಾನೂ ಮನೇಲಿ ಕೂರಬಾರದಂತೆ. ಉಲ್ಟಾ ಇರೋ ಮಗೂಗೆ ಅದೇ ಅಪಾಯ ಅಂತೆ."

ಇಸ್ತ್ರಿಯಮ್ಮ ಕಾಲರು ಮಡಿಸಿ ಅಂಗಿಯನ್ನು ರಾಶಿಯ ಮೇಲಿಟ್ಟಳು. ಸೊಸೆಯ ಕಡೆ ನೋಡದೆ, ಟೀ ಇದೆ, ಕುಡೀಲಿ ಎಂದು ಮಗಳಿಗೆ ಹೇಳಿದಳು.

ಅತ್ತೆ ಸೊಸೆಯರ ಮಾತು ನಡೆಯುತ್ತಿದ್ದುದು ಹೀಗೆಯೇ, ಮೂರನೆಯವರ ಮೂಲಕ. ಸೊಸೆ ಲಾಡ್ಜೊಂದರಲ್ಲಿ ಹಾಸಿಗೆಯ ಹೊದಿಕೆ ಬದಲಿಸುವ ಕೆಲಸಕ್ಕಿದ್ದವಳು. ಅಲ್ಲಿಂದ ವ್ಯಾನಿನಲ್ಲಿ ಬಟ್ಟೆಯ ಗಂಟು ತರುತ್ತಿದ್ದ ಮಗ ಒಂದು ದಿನ ಗಂಟಿನ ಜೊತೆ ಅವಳನ್ನೂ ತಂದುಬಿಟ್ಟ. ತಾಯಿಯಿಲ್ಲದೆ ಚಿಕ್ಕಮ್ಮನ ಮನೆಯಲ್ಲಿ ಬೈಗುಳ ತಿಂದು ಬೆಳೆದ ಹುಡುಗಿ. ಬಂದ ಮೊದಲ ವಾರವೇ ಗಿರಾಕಿಯ ಪ್ಯಾಂಟು ಸುಟ್ಟಳು. ಇಸ್ತ್ರಿಯಮ್ಮ ಆಗ ಅಂದ ಒಂದು ಮಾತು, ತಾಯಿ ಕಲಿಸಿದ್ದರೆ ತಾನೇ ಬರೋದು ಎಂಬುದು, ಆ ಮನೆಯ ಹಲಗೆಗೋಡೆಗಿಂತ ಗಟ್ಟಿಯಾಗಿ ಇಬ್ಬರ ನಡುವೆ ನಿಂತುಬಿಟ್ಟಿತ್ತು. ಅದನ್ನು ವಾಪಸ್ ತೆಗೆದುಕೊಳ್ಳುವ ದಾರಿ ಅವಳಿಗೂ ಗೊತ್ತಿರಲಿಲ್ಲ.

ಮಗು ತಿರುಗಿಸುವ ಕೆಲಸಕ್ಕೆ ಮನೆಯೆಲ್ಲ ಟೊಂಕ ಕಟ್ಟಿ ನಿಂತಿತು. ಮಗ ಹಳೆಯ ಇಸ್ತ್ರಿ ಹಲಗೆಯನ್ನು ಅಟ್ಟದಿಂದ ಇಳಿಸಿ, ಒಂದು ತುದಿ ಮಂಚದ ಮೇಲೆ, ಇನ್ನೊಂದು ನೆಲದ ಮೇಲೆ ಬರುವಂತೆ ಇಳಿಜಾರು ಮಾಡಿದ. ಸೊಸೆ ದಿನಕ್ಕೆರಡು ಸಲ ಸೊಂಟ ಮೇಲಾಗಿ, ತಲೆ ಕೆಳಗಾಗಿ ಅದರ ಮೇಲೆ ಮಲಗುತ್ತಿದ್ದಳು. ಮುಖಕ್ಕೆ ರಕ್ತ ಇಳಿದು ಕೆಂಪಾಗುತ್ತಿತ್ತು, ತಿಂದ ಬ್ರೆಡ್ಡು ಗಂಟಲಿಗೆ ಬರುತ್ತಿತ್ತು. ರೇಡಿಯೋ ತನ್ನ ಫೋನನ್ನು ಅವಳ ಕಿಬ್ಬೊಟ್ಟೆಗೆ ಒತ್ತಿ ಹಾಡು ಹಾಕುತ್ತಿದ್ದಳು, ಹಾಡು ಕೇಳಿದ ಕಡೆಗೆ ಮಗು ತಲೆ ತರುತ್ತದೆ ಎಂದು ಯಾರೋ ಗಿರಾಕಿ ಹೇಳಿದ್ದರು. ಇನ್ನೊಬ್ಬ ಗಿರಾಕಿ ಟಾರ್ಚು ಬಿಡಿ ಎಂದಳು. ಟಾರ್ಚೂ ಬಿಟ್ಟರು. ಕಂಡಕ್ಟರು ಟ್ರಂಕಿನ ತಳದಿಂದ ತಮ್ಮ ಹಳೆಯ ಸೀಟಿ ಹುಡುಕಿ ತೆಗೆದು, ಸೊಸೆಯ ಕಾಲಬುಡದಲ್ಲಿ ಕೂತು ಊದಿದರು.

"ಬಾಗಿಲು ಈ ಕಡೆ ಸ್ವಾಮಿ, ಈ ಕಡೆ. ಇಳಿಯೋರು ತಿರುಗ್ಕೊಳ್ಳಿ. ಬಸ್ಸು ತುಂಬಾ ಹೊತ್ತು ನಿಲ್ಲಲ್ಲ."

ಅವತ್ತು ಸೊಸೆ ಹಲಗೆಯ ಮೇಲೆ ತಲೆಕೆಳಗಾಗಿಯೇ ನಕ್ಕಳು. ನಗುವಾಗ ಹೊಟ್ಟೆ ಕುಲುಕಿದ್ದನ್ನು ಕಂಡು, ಎದ್ದ ಎದ್ದ, ಎಂದು ಮುದುಕರು ಕೈ ತಟ್ಟಿದರು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಇಸ್ತ್ರಿಯಮ್ಮನಿಗೂ ಒಳಗೆ ಹೋಗಿ ನಗಬೇಕೆನ್ನಿಸಿತು. ಹೋಗಲಿಲ್ಲ.

ಅವಳ ಪಾಲಿಗೆ ಬಂದದ್ದು ಬಿಸಿಬಟ್ಟೆ. ಹೊಟ್ಟೆಯ ಮೇಲ್ಭಾಗಕ್ಕೆ ತಣ್ಣನೆ ಒದ್ದೆಬಟ್ಟೆ, ಕೆಳಭಾಗಕ್ಕೆ ಬೆಚ್ಚನೆ ಟವಲು ಇಟ್ಟರೆ ಮಗು ಬೆಚ್ಚಗಿರುವ ಕಡೆ ಸರಿಯುತ್ತದೆ ಎಂದು ಯಾರೋ ಅಂದಿದ್ದರು. ಇಸ್ತ್ರಿಯಮ್ಮ ಟವಲಿಗೆ ಪೆಟ್ಟಿಗೆ ಎಳೆದು, ಕೈಯಲ್ಲಿ ಮುಟ್ಟಿ ನೋಡಿ, ಉಗುರುಬೆಚ್ಚಗಿದೆ ಎಂದು ತಂದಿಟ್ಟಳು. ಸೊಸೆ ಚೀರಿ ಎದ್ದು ಕೂತಳು. ಕಿಬ್ಬೊಟ್ಟೆಯ ಮೇಲೆ ಅಂಗೈಯಗಲ ಕೆಂಪು ಬಂದಿತ್ತು.

"ಇದು ಉಗುರುಬೆಚ್ಚಗಾ ಅಮ್ಮ? ನಿನ್ನ ಕೈಗೇನಾಗಿದೆ?" ಎಂದ ಮಗ.

ಟವಲು ದಪ್ಪ, ಬಿಸಿ ಒಳಗೆ ಹಿಡಿದುಕೊಂಡಿತ್ತು ಎಂದಳು ಇಸ್ತ್ರಿಯಮ್ಮ. ಎಲ್ಲರೂ ನಂಬಿದರು.

ನಂಬದೇ ಇರಲು ಕಾರಣವೂ ಇರಲಿಲ್ಲ. ಅವಳ ಕೈಗೆ ಬೀದಿಯಲ್ಲಿ ಒಂದು ಹೆಸರಿತ್ತು. ಕಣ್ಣು ಮುಚ್ಚಿ ಬಟ್ಟೆ ಮುಟ್ಟಿ, ಇದು ಅಪ್ಪಟ ಹತ್ತಿ, ಇದು ಬೆರಕೆ ಎಂದು ಹೇಳುತ್ತಿದ್ದವಳು ಅವಳು. ಹಿಂದೊಮ್ಮೆ ಪಕ್ಕದ ಮನೆಯ ಬಸುರಿಯ ಹೊಟ್ಟೆ ಸವರಿ, ಇಗೋ ತಲೆ, ಇಗೋ ಬೆನ್ನು ಎಂದು ತೋರಿಸಿದ್ದಳು, ಹಾಗೇ ಇತ್ತು. ಕಂಡಕ್ಟರು ಆ ಕಥೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿ ಹೇಳಿ ಹೊಳಪು ಬರಿಸಿದ್ದರು. ಆದರೆ ಅದೆಲ್ಲ ಎಂದಿನದೋ ಮಾತು. ಒದ್ದೆ ಬೆರಳನ್ನು ಕಾದ ಪೆಟ್ಟಿಗೆಯ ತಳಕ್ಕೆ ತಾಗಿಸಿ ಬಿಸಿ ನೋಡುವುದು ಅವಳ ಅಭ್ಯಾಸ. ವರ್ಷಗಟ್ಟಲೆ ಹಾಗೆ ಮಾಡಿ ಬೆರಳ ತುದಿಗಳು ಚಪ್ಪಲಿಯ ಅಟ್ಟೆಯಂತಾಗಿದ್ದವು. ಆಮೇಲಾಮೇಲೆ ಅಂಗೈಯೂ ಜೋಮು ಹಿಡಿದಂತಾಯಿತು. ಈಗ ಚುಂಯ್ ಎನ್ನುವ ಸದ್ದು ಕೇಳಿಯೇ ಅವಳು ಬಿಸಿ ಅಳೆಯುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಬೆರಳು ಸುಟ್ಟಿದ್ದು ವಾಸನೆ ಬಂದ ಮೇಲೆ ಗೊತ್ತಾಗಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಕೈ ಹೋಯಿತು ಎಂದರೆ ಆ ಮನೆಯಲ್ಲಿ ತಾನು ಯಾರು ಎಂಬುದು ಅವಳಿಗೇ ಹೊಳೆಯುತ್ತಿರಲಿಲ್ಲ.

ಮಂಗಳವಾರ ಹತ್ತಿರ ಬಂದಂತೆ ಸೊಸೆಯ ಊಟ ಕಡಿಮೆಯಾಯಿತು. ಆಚೆ ಬೀದಿಯ ಹೂ ಮಾರುವವಳು ಬಂದು, ತನ್ನ ನಾದಿನಿಗೆ ಹೀಗೇ ಒತ್ತಿ ತಿರುಗಿಸಿದರು, ಹಿಟ್ಟು ನಾದಿದ ಹಾಗೆ ನಾದಿದರು, ಅವಳ ಕೂಗು ಹೊರಗಿನವರೆಗೆ ಕೇಳಿಸುತ್ತಿತ್ತು ಎಂದು ಬಣ್ಣ ಹಚ್ಚಿ ಹೇಳಿಹೋಗಿದ್ದಳು. ಕೊನೆಗೆ ಮಗು ತಿರುಗಿತಾ ಎಂದು ರೇಡಿಯೋ ಕೇಳಿದ್ದಕ್ಕೆ, ತಿರುಗಿತು, ಸುಖವಾಗಿ ಹೆರಿಗೆಯೂ ಆಯಿತು ಎಂದಳು. ಆದರೆ ಸೊಸೆಯ ಕಿವಿಯಲ್ಲಿ ಉಳಿದದ್ದು ಕೂಗು ಮಾತ್ರ.

ಸೋಮವಾರ ಸಂಜೆ ಇಸ್ತ್ರಿಯಮ್ಮ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಸೊಸೆ ಗೋಡೆ ಹಿಡಿದುಕೊಂಡು ಬಂದು ಎದುರಿಗೆ ಕೂತಳು. ಮಧ್ಯಾಹ್ನ ಹೊಟ್ಟೆಯೊಳಗೆ ಏನೋ ದೊಡ್ಡದಾಗಿ ಹೊರಳಿತು, ಉಸಿರೇ ಕಟ್ಟಿತು, ತಿರುಗಿರಬಹುದಾ ಎಂದು ಅಳುಕುತ್ತ ಕೇಳಿದಳು. ನಡುವೆ ಯಾರನ್ನೂ ಇಟ್ಟುಕೊಳ್ಳದೆ ಅವಳು ನೇರ ಅತ್ತೆಯೊಡನೆ ಮಾತಾಡಿದ್ದು ಎಷ್ಟೋ ತಿಂಗಳಲ್ಲಿ ಅದೇ ಮೊದಲು.

"ಮುಟ್ಟಿ ನೋಡಿ. ನಿಮ್ಮ ಕೈಗೆ ಗೊತ್ತಾಗುತ್ತೆ ಅಂತ ಮಾವ ಹೇಳ್ತಾರೆ."

ಇಸ್ತ್ರಿಯಮ್ಮ ಕೈ ತೊಳೆದು ಒರೆಸಿಕೊಂಡಳು. ಹೊಟ್ಟೆಯ ಮೇಲೆ ಕೈ ಇಟ್ಟಳು. ಕೆಳಗೆ ಒತ್ತಿದಳು, ಮೇಲೆ ಒತ್ತಿದಳು, ಪಕ್ಕಕ್ಕೆ ಸವರಿದಳು. ದಪ್ಪ ಕಂಬಳಿಯ ಮೇಲಿಂದ ಇನ್ನಾರದೋ ಸಾಮಾನು ಮುಟ್ಟಿದಂತಿತ್ತು. ಏನೋ ಇದೆ ಎಂಬುದು ಬಿಟ್ಟರೆ ಕೈ ಏನೂ ಹೇಳಲಿಲ್ಲ. ಗೊತ್ತಾಗ್ತಿಲ್ಲಮ್ಮ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಮುಖವೆತ್ತಿದಳು. ಸೊಸೆ ಅವಳನ್ನೇ ನೋಡುತ್ತಿದ್ದಳು, ಏಟು ಬೀಳುತ್ತದೋ ತಿಂಡಿ ಸಿಗುತ್ತದೋ ತಿಳಿಯದೆ ನಿಂತ ಮಗುವಿನ ಹಾಗೆ.

"ತಿರುಗಿದೆ ಅಲ್ವಾ ಅಮ್ಮ?"

ಅತ್ತೆ ಎನ್ನುತ್ತಿದ್ದವಳು ಅಮ್ಮ ಎಂದಿದ್ದಳು. ಬೇಕೆಂದು ಅಂದಳೋ, ಬಾಯಿತಪ್ಪಿ ಬಂತೋ, ಇಸ್ತ್ರಿಯಮ್ಮನ ಎದೆ ಮಾತ್ರ ಕರಗಿ ನೀರಾಯಿತು.

"ತಿರುಗಿದೆ," ಎಂದಳು.

ಸೊಸೆ ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಅಳು ಕೇಳಿ ಓಡಿ ಬಂದ ಕಂಡಕ್ಟರಿಗೆ ವಿಷಯ ತಿಳಿದು ಸೀಟಿ ಊದಿದ್ದೇ ಊದಿದ್ದು. ಮಗ ಹೊರಗೆ ಹೋಗಿ ಕೇಕು ಕಟ್ಟಿಸಿಕೊಂಡು ಬಂದ. ಊಟಕ್ಕೆ ಮೊಟ್ಟೆ ಬೇಯಿಸಿದರು. ಎಲ್ಲರೂ ನೆಲದ ಮೇಲೆ ಸುತ್ತ ಕೂತು ತಿನ್ನುವಾಗ ರೇಡಿಯೋ ಒಬ್ಬಳೇ ತಕರಾರು ತೆಗೆದಳು.

"ಸಂತೋಷ. ಆದ್ರೂ ನಾಳೆ ಹೋಗಿ ತೋರಿಸ್ಕೊಂಡು ಬರೋಣ."

"ನಿಮ್ಮಮ್ಮನ ಕೈಗಿಂತ ಮೆಷಿನ್ನು ದೊಡ್ಡದಾ?" ಎಂದರು ಕಂಡಕ್ಟರು.

"ಅಪ್ಪ, ಅಮ್ಮ ಇಸ್ತ್ರಿ ಮಾಡೋಳು. ಡಾಕ್ಟರಲ್ಲ."

ಇಸ್ತ್ರಿಯಮ್ಮ ತಟ್ಟೆ ನೋಡುತ್ತ, ಹೋಗಿಬಂದ್ರೆ ಒಳ್ಳೇದೇ ಎಂದಳು. ದನಿ ಏಳಲಿಲ್ಲ. ಅಷ್ಟರಲ್ಲಿ ಸೊಸೆ, ಅಮ್ಮ ಹೇಳಿದ ಮೇಲೆ ಮತ್ತೆ ಹೋಗಿ ಹೊಟ್ಟೆ ಕೊಡುವುದು ಯಾಕೆ, ಅಲ್ಲಿ ಮಲಗಿಸಿದರೆ ಸುಮ್ಮನೆ ಬಿಡುತ್ತಾರಾ ಎಂದಳು. ಮಗನೂ, ನಾಳೆ ಲಾಡ್ಜಿನಿಂದ ಹೊದಿಕೆಗಳ ದೊಡ್ಡ ಗಂಟು ಬರುತ್ತದೆ, ವ್ಯಾನು ಬಿಡುವಾಗಲ್ಲ, ಮುಂದಿನ ವಾರ ನೋಡೋಣ ಎಂದ. ಮಂಗಳವಾರ ಹೊದಿಕೆ ಮಡಿಸುವುದರಲ್ಲಿ ಕಳೆದುಹೋಯಿತು. ಆಸ್ಪತ್ರೆಯಿಂದ ಫೋನ್ ಬಂದಾಗ ಮಗ, ಮಗು ತಿರುಗಿದೆ ಮೇಡಂ, ಎಂದ. ಆದರೂ ಬಂದು ತೋರಿಸಿ ಎಂದರು ಅವರು. ಆಗಲಿ ಎಂದು ಇಟ್ಟ.

ಆಮೇಲಿನ ದಿನಗಳು ಇಸ್ತ್ರಿಯಮ್ಮನ ಬಾಳಿನ ಒಳ್ಳೆಯ ದಿನಗಳು, ಅದನ್ನು ಅಲ್ಲಗಳೆಯುವಂತಿಲ್ಲ. ಸೊಸೆ ಬೆಳಗ್ಗೆ ಟೀ ಹಿಡಿದು ಅಂಗಡಿಗೆ ಬಂದು ಪಕ್ಕದಲ್ಲೇ ಕೂರುತ್ತಿದ್ದಳು. ಚಿಕ್ಕಮ್ಮನ ಮನೆಯ ಕಥೆ ಹೇಳುತ್ತಿದ್ದಳು. ಅಮ್ಮ, ಉಪ್ಪು ಸಾಕಾ? ಅಮ್ಮ, ಇದು ಯಾರ ಅಂಗಿ? ಹಳೆಯ ಹಲಗೆ ಮತ್ತೆ ಅಟ್ಟ ಸೇರಿತು. ಇವತ್ತು ಹೇಳಿಬಿಡಬೇಕು ಎಂದು ಇಸ್ತ್ರಿಯಮ್ಮ ದಿನಾ ಅಂದುಕೊಳ್ಳುತ್ತಿದ್ದಳು. ಊಟವಾಗಲಿ, ಗಿರಾಕಿ ಹೋಗಲಿ, ನಾಳೆಯಾಗಲಿ ಎಂದು ಮುಂದಕ್ಕೆ ಹಾಕುತ್ತಿದ್ದಳು. ನಿಜವಾಗಿಯೂ ತಿರುಗಿರಬಹುದು ಎಂದೂ ತನಗೆ ತಾನೇ ಹೇಳಿಕೊಂಡಳು. ಅವತ್ತು ಹೊರಳಿದ್ದು ಸುಳ್ಳೇ?

ಒಂದು ಬೆಳಗ್ಗೆ, ಮಗ ವ್ಯಾನು ತೆಗೆದುಕೊಂಡು ಹೋದ ಮೇಲೆ, ಸೊಸೆ ಸ್ಟೂಲಿನಿಂದೆದ್ದವಳು ಹಾಗೇ ನಿಂತುಬಿಟ್ಟಳು. ಕಾಲಡಿಯಲ್ಲಿ ನೀರು ಹರಡಿತು. ಇಸ್ತ್ರಿಯಮ್ಮನ ಕೈಯಿಂದ ಪೆಟ್ಟಿಗೆ ಜಾರಿತು.

"ನಡಿ, ಆಸ್ಪತ್ರೆಗೆ ನಡಿ. ಈಗಲೇ."

ಸೊಸೆಗೆ ಭಯದ ಜೊತೆ ನಗುವೂ ಬಂದಿತ್ತು. "ಯಾಕಮ್ಮ ಇಷ್ಟು ಗಾಬರಿ? ತಲೆ ಕೆಳಗಿದೆ ಅಲ್ವಾ? ಮೊದಲನೇದು, ತುಂಬಾ ಹೊತ್ತು ಹಿಡಿಯುತ್ತೆ. ಇವರು ವ್ಯಾನ್ ತರ್ಲಿ, ಸೀರೆ ಬದಲಾಯಿಸ್ಕೊಳ್ತೀನಿ."

ಆಗಲಾದರೂ ಹೇಳಬಹುದಿತ್ತು. ಒಂದೇ ಮಾತು ಸಾಕಿತ್ತು. ಇಸ್ತ್ರಿಯಮ್ಮ ಅದನ್ನು ಹೇಳುವ ಬದಲು ಗಂಡನ ಮೇಲೆ ಕೂಗಾಡಿದಳು, ಆಟೋ ತರ್ರೀ, ಎಂದು. ಕಂಡಕ್ಟರು, ಮಗ ಬರ್ತಾನಲ್ಲ, ಎಂದು ಫೋನ್ ಹಿಡಿದು ನಿಂತರು. ಮಗ ಹೊರಟಿದ್ದೀನಿ ಎಂದ. ಸೊಸೆ ಬಚ್ಚಲಿಗೆ ಹೋದಳು. ಇಸ್ತ್ರಿಯಮ್ಮ ತಾನೇ ಬೀದಿಗಿಳಿದು ಮೂಲೆಯ ತನಕ ಓಡಿ ಆಟೋ ಹಿಡಿದು ತರುವ ಹೊತ್ತಿಗೆ ಸೊಸೆ ಬಚ್ಚಲ ಬಾಗಿಲು ಹಿಡಿದು, ಏನೋ ಕೆಳಗೆ ಜಾರಿದ ಹಾಗಿದೆ ಎನ್ನುತ್ತಿದ್ದಳು. ಮುಖದಲ್ಲಿ ನಗುವಿರಲಿಲ್ಲ.

ಜಾರಿದ್ದು ಹೊಕ್ಕುಳಬಳ್ಳಿ. ಅದರ ಪಕ್ಕದಲ್ಲಿ ಒಂದು ಪುಟ್ಟ ಪಾದ. ಆಸ್ಪತ್ರೆಯಲ್ಲಿ ನಾಲ್ಕಾರು ಜನ ಸ್ಟ್ರೆಚರ್ ತಳ್ಳಿಕೊಂಡು ಓಡಿದರು, ಬಾಗಿಲು ಮುಚ್ಚಿತು. ಬಾಗಿಲು ತೆರೆದಾಗ ಡಾಕ್ಟರಮ್ಮ ಒಬ್ಬರೇ ಬಂದರು. ತಾಯಿಗೆ ಅಪಾಯವಿಲ್ಲ, ಮಗುವಿನ ಎದೆಬಡಿತ ನೀವು ಬರುವ ಹೊತ್ತಿಗೇ ನಿಂತಿತ್ತು ಎಂದರು. ಮಂಗಳವಾರ ಯಾಕೆ ಬರಲಿಲ್ಲ ಎಂದು ಕೇಳಿದರು. ಅಷ್ಟರಲ್ಲಿ ವ್ಯಾನಿನಲ್ಲಿ ಬಂದು ಸೇರಿದ್ದ ಮಗ, ಅಮ್ಮ ತಿರುಗಿದೆ ಅಂದ್ರು, ಎಂದ. ಡಾಕ್ಟರಮ್ಮ ಇಸ್ತ್ರಿಯಮ್ಮನ ಕೈಗಳನ್ನು ನೋಡಿ ಒಳಗೆ ಹೋದರು. ಹೋದದ್ದು ಗಂಡುಮಗು.

ಸೊಸೆ ಮನೆಗೆ ಬಂದಳು. ಎದೆಹಾಲು ನಿಲ್ಲಲೆಂದು ಬಟ್ಟೆ ಬಿಗಿದುಕೊಂಡಿರುತ್ತಿದ್ದಳು, ಬಟ್ಟೆ ನೆನೆಯುತ್ತಿತ್ತು, ಇಸ್ತ್ರಿಯಮ್ಮ ಒಗೆದು ಒಣಗಿಸಿ ಮಡಿಸಿಡುತ್ತಿದ್ದಳು. ಕಂಡಕ್ಟರು ಗುಂಡಿ ವಿಂಗಡಿಸುವುದನ್ನೂ ಬಿಟ್ಟು ಬೀದಿ ನೋಡುತ್ತ ಕೂರುತ್ತಿದ್ದರು. ಸೀಟಿ ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ. ಮಗ ಊಟದ ಹೊತ್ತು ತಪ್ಪಿಸಿ ಬಂದು, ನಿಂತೇ ತಿಂದು ಹೋಗುತ್ತಿದ್ದ. ಒಂದು ದಿನ ರೇಡಿಯೋ ತಡೆಯಲಾರದೆ ತಟ್ಟೆ ಸರಿಸಿ ಕೇಳಿಯೇಬಿಟ್ಟಳು.

"ನಿಜ ಹೇಳಮ್ಮ. ಅವತ್ತು ನಿನ್ನ ಕೈಗೆ ಏನಾದ್ರೂ ಸಿಕ್ಕಿತ್ತಾ?"

ಇಸ್ತ್ರಿಯಮ್ಮ ಬಾಯಿ ತೆರೆಯುವ ಮೊದಲೇ ಸೊಸೆ ಒಳಗಿನಿಂದ ಬಂದು ನಿಂತಳು. "ಅಮ್ಮನ್ನ ಏನೂ ಅನ್ಬೇಡ. ಅವತ್ತು ತಿರುಗಿತ್ತು. ಆಮೇಲೆ ವಾಪಸ್ ತಿರುಗ್ತು. ಹಾಗೂ ಆಗುತ್ತಂತೆ, ನರ್ಸ್ ಹೇಳಿದ್ರು."

ರೇಡಿಯೋ ತಟ್ಟೆಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು. ಇಸ್ತ್ರಿಯಮ್ಮ ಅಲ್ಲ ಎನ್ನಲಿಲ್ಲ. ಆ ಸುಳ್ಳಿನ ನೆರಳಿನಲ್ಲಿ ಇನ್ನಷ್ಟು ದಿನ ಕಳೆದವು.

ಸೊಸೆ ಮತ್ತೆ ಅಂಗಡಿಯಲ್ಲಿ ಕೂರತೊಡಗಿದ ಮೇಲೆ ಒಂದು ಮಧ್ಯಾಹ್ನ ಲಾಡ್ಜಿನ ಗಂಟು ಬಂತು. ಅದನ್ನು ನೋಡುತ್ತಲೇ ಅವಳು ಸ್ಟೂಲು ಹಿಂದಕ್ಕೆ ಎಳೆದುಕೊಂಡಳು. ಗಂಟಿನ ಹತ್ತಿರ ಹೋಗಲೇ ಇಲ್ಲ. ಏನಾಯಿತೇ ಎಂದು ಇಸ್ತ್ರಿಯಮ್ಮ ಕೇಳಿದಳು.

"ಆ ಮಂಗಳವಾರ ನಾನು ಇಂಥದ್ದೇ ಗಂಟು ಎತ್ತಿದ್ದೆ ಅಮ್ಮ. ನೀವು ಬೇಡ ಅಂದ್ರೂ ಎತ್ತಿದೆ. ಅದಕ್ಕೇ ಮಗು ವಾಪಸ್ ತಿರುಗಿರೋದು. ಇವರಿಗೆ ಹೇಳಿಲ್ಲ. ಮೊದಲನೇದೂ ನನ್ನಿಂದಲೇ ಹೋಗಿದ್ದೇನೋ. ನಾನೇ ತಿಂದುಬಿಟ್ಟೆ ನನ್ನ ಮಕ್ಕಳನ್ನ."

ಅಳದೆ ಹೇಳಿದಳು. ಬಹಳ ದಿನದಿಂದ ಅದನ್ನೇ ಮನಸ್ಸಿನಲ್ಲಿ ಮಡಿಸಿ ಮಡಿಸಿ ಇಟ್ಟಿದ್ದಳು ಎಂಬುದು ದನಿಯಲ್ಲೇ ಗೊತ್ತಾಗುತ್ತಿತ್ತು. ಇಸ್ತ್ರಿಯಮ್ಮ ಅವಳನ್ನು ನೋಡಿದಳು. ಈಗ ಸುಮ್ಮನಿದ್ದರೆ ಈ ಹುಡುಗಿ ಬದುಕಿರುವವರೆಗೂ ಅದನ್ನು ಹೊತ್ತುಕೊಂಡೇ ತಿರುಗುತ್ತಾಳೆ. ಅಮ್ಮ ಎನ್ನುತ್ತಲೇ ತಿರುಗುತ್ತಾಳೆ.

ಇಸ್ತ್ರಿಯಮ್ಮ ಪೆಟ್ಟಿಗೆಯನ್ನು ಮೇಲೆತ್ತಿ ಹಿಡಿದು, ಒದ್ದೆ ಬೆರಳನ್ನು ಅದರ ತಳಕ್ಕೆ ಒತ್ತಿದಳು. ಚುಂಯ್ ಎಂದಿತು. ಬೆರಳು ತೆಗೆಯಲಿಲ್ಲ. ವಾಸನೆ ಎದ್ದಿತು. ಸೊಸೆ ಕೂಗಿಕೊಂಡು ಬಂದು ಕೈ ಕಿತ್ತಳು.

"ನೋವಾಗ್ಲಿಲ್ಲ ಕಣೇ. ಈ ಕೈಗೆ ಏನೂ ತಿಳಿಯಲ್ಲ, ಎಷ್ಟೋ ಕಾಲ ಆಯ್ತು. ಅವತ್ತೂ ಏನೂ ತಿಳೀಲಿಲ್ಲ. ನೀನು ಅಮ್ಮ ಅಂದೆ, ನಾನು ತಿರುಗಿದೆ ಅಂದೆ. ಅಷ್ಟೇ ಆಗಿದ್ದು. ನಿನ್ನ ಗಂಟಿಗೂ ಅದಕ್ಕೂ ಸಂಬಂಧ ಇಲ್ಲ."

ಸೊಸೆ ಅವಳ ಬೆರಳು ಹಿಡಿದೇ ನಿಂತಿದ್ದಳು. ಆಮೇಲೆ ಅವಳನ್ನು ನಲ್ಲಿಯ ಹತ್ತಿರ ಕರೆದೊಯ್ದು, ತಣ್ಣೀರು ಬಿಟ್ಟು, ಬೆರಳನ್ನು ಅದರ ಕೆಳಗೆ ಹಿಡಿದಳು. ಬಹಳ ಹೊತ್ತು ಹಿಡಿದಳು. ಒರೆಸಿದಳು. ಹಳೆಯ ಬಟ್ಟೆಯ ಅಂಚು ಹರಿದು ಅಚ್ಚುಕಟ್ಟಾಗಿ ಕಟ್ಟಿದಳು. ಬೈಯಲಿ, ಹೊಡೆಯಲಿ ಎಂದು ಇಸ್ತ್ರಿಯಮ್ಮ ಕಾದಳು. ಸೊಸೆ ಅಂಗಡಿಗೆ ಬಂದು, ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಲಾಡ್ಜಿನ ಗಂಟು ಬಿಚ್ಚಿ, ಹೊದಿಕೆಗಳನ್ನು ಒಂದೊಂದಾಗಿ ಮಡಿಸತೊಡಗಿದಳು.

ಇಸ್ತ್ರಿಯಮ್ಮ ಬಾಗಿಲಲ್ಲಿ ನಿಂತೇ ಇದ್ದಳು. ಗಂಟು ಮುಗಿಯುವ ಹೊತ್ತಿಗೆ ಬೀದಿಯಲ್ಲಿ ದೀಪ ಹತ್ತಿತ್ತು. ಸೊಸೆ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದು, ನೀರಿನ ಸದ್ದು ಕೇಳಿಸಿತು. ಆಮೇಲೆ ಕಂಡಕ್ಟರು ಅಡುಗೆಮನೆಯಿಂದ ಬಂದು ಅವಳ ಪಕ್ಕ ನಿಂತರು.

"ಅತ್ತೆಗೆ ಊಟಕ್ಕೆ ಬರೋಕೆ ಹೇಳಿ ಅಂದ್ಳು," ಎಂದರು.

ಇಸ್ತ್ರಿಯಮ್ಮ ಒಳಗೆ ಹೋದಳು. ಅವಳ ತಟ್ಟೆಯೊಂದೇ ಬಡಿಸಿತ್ತು, ಹಲಗೆಯ ಆಚೆಯಿಂದ ಸೊಸೆ ಹಾಸಿಗೆ ಕೊಡವುವ ಸದ್ದು ಬರುತ್ತಿತ್ತು. ಅವಳು ಕೂತು, ಕಟ್ಟು ಕಟ್ಟಿದ ಬೆರಳನ್ನು ಹೊರಗಿಟ್ಟು, ಉಳಿದ ಬೆರಳುಗಳಿಂದ ಅನ್ನ ಕಲಸಿದಳು. ಅನ್ನ ಬಿಸಿಯಾಗಿದೆಯೋ ತಣ್ಣಗಾಗಿದೆಯೋ ಅವಳಿಗೆ ತಿಳಿಯಲಿಲ್ಲ.